ಕೈಯ ಲಯ, ಯಂತ್ರದ ಲಯ: ‘ನ್ಯೂ ಆರ್ಡರ್’ ವೃಂದದ ತಾಳವಾದ್ಯವನ್ನು ಕುರಿತ ವಿವಾದ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ‘ನ್ಯೂ ಆರ್ಡರ್’ ಎಂಬ ರಾಕ್ ವಾದ್ಯವೃಂದದ ಅಭಿಮಾನಿಗಳಲ್ಲಿ ನಾಲ್ಕು ದಶಕಗಳಿಗೂ ಮಿಕ್ಕು ತೀರದೆ ಉಳಿದಿರುವ ಒಂದು ವಾದವುಂಟು. ಆ ವೃಂದದ ಹಾಡುಗಳಲ್ಲಿ ತಾಳವನ್ನು ಹಿಡಿಯಬೇಕಾದದ್ದು ಮನುಷ್ಯನ ಕೈಯೋ ಯಂತ್ರವೋ, ಅವೆರಡರಲ್ಲಿ ಯಾವುದು ಹಿಡಿದಾಗ ಆ ಸಂಗೀತ ಸಾರ್ಥಕವಾಯಿತು ಎಂಬುದೇ ಆ ವಾದದ ವಸ್ತು. ಹೊರಗೆ ನಿಂತು ಕೇಳುವವರಿಗೆ ಇದು ಚರ್ಮವಾದ್ಯಕ್ಕೂ ವಿದ್ಯುತ್ ಪೆಟ್ಟಿಗೆಗೂ ನಡುವಣ ಸಣ್ಣ ತಕರಾರಾಗಿ ಕಂಡೀತು. ಆದರೆ ಒಳಗಿನವರು ಇಷ್ಟು ಆವೇಶದಿಂದ ವಾದಿಸುವುದಕ್ಕೆ ಕಾರಣವಿಲ್ಲದೆ ಇಲ್ಲ. ಈ ವಾದದ ಹಿಂದೆ ಒಂದು ಸಾವು ನಿಂತಿದೆ.

1976ರಲ್ಲಿ ಮ್ಯಾಂಚೆಸ್ಟರಿನ ಸಣ್ಣ ಸಭಾಂಗಣವೊಂದರಲ್ಲಿ ‘ಸೆಕ್ಸ್ ಪಿಸ್ಟಲ್ಸ್’ ತಂಡದ ಕಚೇರಿಯನ್ನು ಕೇಳಿ ಬಂದ ತರುಣರಲ್ಲಿ ಬರ್ನಾರ್ಡ್ ಸಮ್ನರ್ ಮತ್ತು ಪೀಟರ್ ಹುಕ್ ಎಂಬಿಬ್ಬರು ತಾವೂ ಒಂದು ತಂಡ ಕಟ್ಟಲು ಹೊರಟರು. ಇಯಾನ್ ಕರ್ಟಿಸ್ ಹಾಡುಗಾರನಾಗಿ ಸೇರಿದನು. ಮ್ಯಾಕಲ್ಸ್‌ಫೀಲ್ಡ್ ಎಂಬ ಊರಿನ ಸ್ಟೀಫನ್ ಮಾರಿಸ್ 1977ರಲ್ಲಿ ಡ್ರಮ್‌ವಾದಕನಾಗಿ ಬಂದನು. ‘ಜಾಯ್ ಡಿವಿಷನ್’ ಎಂಬ ಹೆಸರಿನಲ್ಲಿ ಅವರು ಎರಡು ದೀರ್ಘ ಧ್ವನಿಮುದ್ರಿಕೆಗಳನ್ನು ತಂದರು. ಲಂಡನ್ನಿನ ದೊಡ್ಡ ಕಂಪನಿಗಳ ಆಶ್ರಯವನ್ನು ಬೇಡದೆ ಊರಿನ ‘ಫ್ಯಾಕ್ಟರಿ ರೆಕಾರ್ಡ್ಸ್’ ಎಂಬ ಸ್ವತಂತ್ರ ಸಂಸ್ಥೆಯ ಮೂಲಕ ತಂದರು. ಹೀಗೆ ಸ್ವತಂತ್ರವಾಗಿ ಹೊರಟ ಸಂಗೀತಕ್ಕೇ ಮುಂದೆ ‘ಇಂಡಿ’ ಎಂಬ ಹೆಸರು ನಿಂತಿತು. 1980ರ ಮೇ 18ರಂದು, ಅಮೆರಿಕದ ಪ್ರವಾಸಕ್ಕೆ ಹೊರಡುವ ಮುನ್ನಾದಿನ, ಕರ್ಟಿಸ್ ಆತ್ಮಹತ್ಯೆ ಮಾಡಿಕೊಂಡನು. ಅವನಿಗೆ ಆಗ 23 ವರ್ಷ. ಉಳಿದ ಮೂವರು ಹಳೆಯ ಹೆಸರನ್ನು ಬಿಟ್ಟರು; ಗಿಲಿಯನ್ ಗಿಲ್ಬರ್ಟ್ ಎಂಬಾಕೆಯನ್ನು ಸೇರಿಸಿಕೊಂಡು ‘ನ್ಯೂ ಆರ್ಡರ್’ ಆದರು. ಮೂರು ವರ್ಷ ಕಳೆಯುವಷ್ಟರಲ್ಲಿ, ಒಂದು ಕಾಲಕ್ಕೆ ಕತ್ತಲ ಕೋಣೆಯ ಸಂಗೀತವೆನಿಸಿದ್ದುದು ನೃತ್ಯಶಾಲೆಯ ಸಂಗೀತವಾಯಿತು. ಅದನ್ನು ಹಾಗೆ ಮಾಡಿದ್ದು ಡ್ರಮ್ ಮೆಷೀನ್ ಎಂಬ ತಾಳಯಂತ್ರ ಎಂದು ಒಂದು ಪಕ್ಷ ಇಂದಿಗೂ ದೂರುತ್ತದೆ. ಇನ್ನೊಂದು ಪಕ್ಷ ಅದೇ ಕಾರಣಕ್ಕಾಗಿ ಆ ಯಂತ್ರವನ್ನು ಕೊಂಡಾಡುತ್ತದೆ.

ದೂರುವವರ ವಾದಕ್ಕೆ ಬಲವಿಲ್ಲವೆನ್ನಲಾಗದು. ಮನುಷ್ಯ ಹೊಡೆದ ಎರಡು ಪೆಟ್ಟುಗಳು ಎಂದೂ ಒಂದೇ ಆಗಿರುವುದಿಲ್ಲ. ಹಾಡುಗಾರನ ಉಸಿರು ಏರಿದಾಗ ವಾದಕನ ಕೈ ತಾನಾಗಿ ಏರುತ್ತದೆ, ಅವನು ತಡವರಿಸಿದಾಗ ಕಾಯುತ್ತದೆ. ಯಂತ್ರಕ್ಕೆ ಕಿವಿಯಿಲ್ಲ. ಅದು ಕಾಯದು, ಮುಂದೂಡದು. ಕರ್ಟಿಸನ ಕಂಠದ ಬೆನ್ನಿಗೆ ಮಾರಿಸನ ಕೈಗಳು ನಿಂತಿದ್ದವು; ಆ ಕೈಗಳನ್ನು ಒಂದು ಪೆಟ್ಟಿಗೆಗೆ ಒಪ್ಪಿಸಿದ್ದು ಸತ್ತವನ ಜಾಗದಲ್ಲಿ ಬೊಂಬೆಯನ್ನು ಕೂರಿಸಿದಂತೆ ಎಂದು ಅವರ ಮನಸ್ಸಿಗೆ ತೋರುತ್ತದೆ. ಎದುರು ಪಕ್ಷದವರು ಹೇಳುವುದು ಬೇರೆ: ಕರ್ಟಿಸ್ ಇಲ್ಲದ ಮೇಲೆ ಅದೇ ಕೈಗಳು ಅದೇ ರೀತಿಯಲ್ಲಿ ನುಡಿಸುತ್ತಿದ್ದರೆ ಅದು ಶ್ರಾದ್ಧದ ಪುನರಾವರ್ತನೆಯಾಗುತ್ತಿತ್ತೇ ಹೊರತು ಸಂಗೀತವಾಗುತ್ತಿರಲಿಲ್ಲ, ಯಂತ್ರ ಅವರನ್ನು ಶೋಕದಿಂದ ಬಿಡಿಸಿತು. 1981ರ ‘ಮೂವ್‌ಮೆಂಟ್’ ಎಂಬ ಮೊದಲ ಧ್ವನಿಮುದ್ರಿಕೆಯನ್ನು ಕೇಳಿದವರು ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾರರು. ಅಲ್ಲಿ ಹಾಡುವವರು ಇಲ್ಲದವನ ಧ್ವನಿಯನ್ನು ಹುಡುಕಿಕೊಂಡು ಹಾಡುತ್ತಾರೆ, ಅದು ಸಿಕ್ಕುವುದಿಲ್ಲ.

ಇಷ್ಟಾದರೂ ಎರಡು ಪಕ್ಷಗಳೂ ವಿಚಾರಿಸದೆ ಒಪ್ಪಿಕೊಂಡ ಒಂದು ಮಾತಿದೆ. ವಾದದ ದೋಷವಿರುವುದು ಅಲ್ಲಿಯೇ. ಜಾಯ್ ಡಿವಿಷನ್ನಿನ ಡ್ರಮ್‌ಗಳು ‘ಜೀವಂತ’, ನ್ಯೂ ಆರ್ಡರಿನವು ‘ಯಾಂತ್ರಿಕ’ ಎಂಬುದೇ ಆ ಮಾತು. 1979ರ ಏಪ್ರಿಲ್‌ನಲ್ಲಿ ಸ್ಟಾಕ್‌ಪೋರ್ಟಿನ ‘ಸ್ಟ್ರಾಬೆರಿ’ ಧ್ವನಿಮುದ್ರಣಾಲಯದಲ್ಲಿ ‘ಅನ್‌ನೋನ್ ಪ್ಲೆಷರ್ಸ್’ ಮುದ್ರಣಗೊಂಡ ಬಗೆಯನ್ನು ತಿಳಿದವರಿಗೆ ಈ ವಿಭಾಗ ನಿಲ್ಲುವಂಥದಲ್ಲವೆಂದು ಕೂಡಲೇ ಹೊಳೆಯುತ್ತದೆ. ಆ ಮುದ್ರಣದ ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಡ್ರಮ್‌ಗಳ ವಿಷಯದಲ್ಲಿ ಗೀಳು ಹಿಡಿದವನಂತಿದ್ದನು. ಒಂದು ಡ್ರಮ್ಮಿನ ನಾದ ಇನ್ನೊಂದರ ಮೈಕಿಗೆ ಸೋರಬಾರದೆಂಬುದು ಅವನ ಹಟ. ಅದಕ್ಕಾಗಿ ಮಾರಿಸನ ವಾದನವನ್ನು ಬಿಡಿಬಿಡಿಯಾಗಿ ಕಳಚಿ, ಒಂದೊಂದನ್ನೇ ಪ್ರತ್ಯೇಕವಾಗಿ ನುಡಿಸಿ ಮುದ್ರಿಸುವಂತೆ ಮಾಡಿದನು. ಹಾಗೆ ಸಿಕ್ಕ ಒಣಪೆಟ್ಟನ್ನು ಆಗತಾನೆ ಬಂದಿದ್ದ ಅಂಕೀಯ ವಿಳಂಬಯಂತ್ರದ ಮೂಲಕ ಹಾಯಿಸಿ, ಪೆಟ್ಟಿನ ಸುತ್ತ ಇಲ್ಲದ ಒಂದು ಬಯಲನ್ನು ನಿರ್ಮಿಸಿದನು. ‘ಶೀಸ್ ಲಾಸ್ಟ್ ಕಂಟ್ರೋಲ್’ ಹಾಡಿನಲ್ಲಿ ವಿದ್ಯುತ್ ಡ್ರಮ್ಮಿನ ಸಿಡಿತದೊಡನೆ ದ್ರವ ಸಿಂಪಡಿಸುವ ಡಬ್ಬಿಯ ‘ಉಸ್’ ಎಂಬ ಸದ್ದೂ ತಾಳದ ಅಂಗವಾಗಿ ಸೇರಿದೆ. 1980ರ ‘ಕ್ಲೋಸರ್’ ಮುದ್ರಿಕೆಯ ‘ಐಸೊಲೇಷನ್’ ಹಾಡಿನ ತಾಳವನ್ನು ಮೊದಲ ಬಾರಿಗೆ ಕೇಳುವವನು ಅದು ಚರ್ಮದಿಂದ ಹೊರಟಿತೆಂದು ಆಣೆ ಮಾಡಿ ಹೇಳಲಾರನು. ಅದೇ ಮುದ್ರಿಕೆಯ ಮೊದಲ ಹಾಡಾದ ‘ಅಟ್ರಾಸಿಟಿ ಎಕ್ಸಿಬಿಷನ್’ನಲ್ಲಿ ಮಾರಿಸನ ಕೈಗಳು ಬಿಡುವಿಲ್ಲದೆ ಸುತ್ತುವ ವರಸೆಯೊಂದನ್ನು ಹಿಡಿದು ಕಡೆಯವರೆಗೂ ಕದಲದೆ ನಡೆಯುತ್ತವೆ. ಅದು ಮನುಷ್ಯನ ವಾದನ, ಆದರೂ ಅದರ ಭೀಕರತೆಯಿರುವುದು ಅದು ಕದಲದೆ ಇರುವುದರಲ್ಲಿ.

ಈ ಕದಲದಿರುವಿಕೆ ಹ್ಯಾನೆಟ್ ಹೇರಿದ್ದು ಮಾತ್ರವಲ್ಲ. ಮಾರಿಸ್ ಮೆಚ್ಚಿ ಕೇಳಿದ ಡ್ರಮ್‌ವಾದಕರು ಜರ್ಮನಿಯ ‘ಕಾನ್’ ವೃಂದದ ಯಾಕಿ ಲೀಬೆಟ್ಸೈಟ್‌ನಂಥವರು. ಒಂದೇ ನಡೆಯನ್ನು ಅಲಂಕಾರವಿಲ್ಲದೆ, ದಣಿವಿಲ್ಲದೆ ಸುತ್ತಿಸುವುದೇ ಅವರ ಪ್ರತಿಷ್ಠೆ. ಯಂತ್ರವಾಗಬೇಕೆಂಬ ಹಂಬಲ ಮಾರಿಸನ ಕೈಯಲ್ಲಿ ಯಂತ್ರ ಬರುವುದಕ್ಕೆ ಮುಂಚೆಯೇ ಇತ್ತು. ಆತ ತನ್ನ ಆತ್ಮಕಥೆಯ ಎರಡು ಸಂಪುಟಗಳಿಗೆ, 2019 ಮತ್ತು 2020ರಲ್ಲಿ, ಧ್ವನಿಮುದ್ರಣ ಯಂತ್ರದ ಗುಂಡಿಗಳ ಹೆಸರುಗಳನ್ನೇ ಇಟ್ಟಿದ್ದಾನೆ. ಅಭಿಮಾನಿಗಳು ಯಂತ್ರದಿಂದ ಕಾಪಾಡಬೇಕೆನ್ನುವ ಮನುಷ್ಯ ಇಂಥವನು.

ಇನ್ನು ಯಂತ್ರದ ಕಡೆಗೆ ತಿರುಗಿದರೆ ಅಲ್ಲಿಯೂ ಗೆರೆ ಅಳಿಸಿಹೋಗುತ್ತದೆ. 1980ರ ಸುಮಾರಿಗೆ ತಾಳಯಂತ್ರಗಳಲ್ಲಿ ಎರಡು ಕುಲಗಳಾದವು. ರೋಲಂಡ್ ಕಂಪನಿಯ ‘ಟಿಆರ್-808’ರಂಥವು ವಿದ್ಯುತ್ ಮಂಡಲಗಳಿಂದಲೇ ನಾದವನ್ನು ಹುಟ್ಟಿಸುತ್ತಿದ್ದವು, ಅವುಗಳ ಪೆಟ್ಟು ಲೋಕದ ಯಾವ ಡ್ರಮ್ಮನ್ನೂ ಹೋಲುವುದಿಲ್ಲ. ರೋಜರ್ ಲಿನ್ ಎಂಬಾತನ ‘ಎಲ್‌ಎಂ-1’ ಮತ್ತು ಅದರ ಬೆನ್ನಿಗೆ ಬಂದ ಓಬರ್ಹೈಮ್ ಕಂಪನಿಯ ‘ಡಿಎಂಎಕ್ಸ್’ ಇವು ಬೇರೆ ಜಾತಿ. ಇವುಗಳ ಒಡಲಲ್ಲಿ ಇದ್ದುದು ಮನುಷ್ಯನೊಬ್ಬ ನಿಜವಾದ ಡ್ರಮ್ಮಿನ ಮೇಲೆ ಹೊಡೆದ ಪೆಟ್ಟುಗಳ ಮುದ್ರಣ. ನ್ಯೂ ಆರ್ಡರ್ ‘ಬ್ಲೂ ಮಂಡೇ’ ಹಾಡಿಗೆ ಬಳಸಿದ್ದು ಈ ಡಿಎಂಎಕ್ಸ್ ಯಂತ್ರವನ್ನು. ಹಾಗಿರುವಲ್ಲಿ ಅದರ ಪೆಟ್ಟು ಯಾರದು? ಹೊಡೆದ ಕೈ ಒಬ್ಬನದು, ಜೋಡಿಸಿದ ಬುದ್ಧಿ ಮತ್ತೊಬ್ಬನದು, ಜೋಡಿಸಿದವನಾದರೋ ಡ್ರಮ್‌ವಾದಕನೇ. ಯಂತ್ರಸಂಗೀತದ ಮೂಲಪುರುಷನೆನಿಸಿದ ‘ಐ ಫೀಲ್ ಲವ್’ ಎಂಬ 1977ರ ಹಾಡಿನ ಕತೆ ಇದಕ್ಕೂ ಸ್ವಾರಸ್ಯವಾದದ್ದು. ಜಾರ್ಜಿಯೋ ಮೊರೊಡರ್ ಮತ್ತು ಪೀಟ್ ಬೆಲೊಟ್ ನಿರ್ಮಿಸಿ ಡೋನಾ ಸಮರ್ ಹಾಡಿದ ಆ ಹಾಡು ಸಂಪೂರ್ಣವಾಗಿ ಯಂತ್ರದ್ದೆಂದು ಲೋಕ ನಂಬಿತು. ಆದರೆ ಬೇಕಾದ ತೂಕದ ದೊಡ್ಡ ಡ್ರಮ್ಮಿನ ಪೆಟ್ಟು ಅಂದಿನ ಯಂತ್ರದಿಂದ ಬಾರದೆ, ಕೀತ್ ಫೋರ್ಸಿ ಎಂಬ ವಾದಕನ ಕಾಲೇ ಹಾಡಿನುದ್ದಕ್ಕೂ ಅದನ್ನು ನುಡಿಸಬೇಕಾಯಿತು. ಯಂತ್ರವಾದಿಗಳು ಯಾವ ಗುಡಿಗೆ ನಡೆದುಕೊಳ್ಳುತ್ತಾರೋ ಆ ಗುಡಿಯ ತಳಪಾಯದಲ್ಲಿ ಒಬ್ಬ ಮನುಷ್ಯ ಕುಳಿತಿದ್ದಾನೆ.

‘ಬ್ಲೂ ಮಂಡೇ’ 1983ರ ಮಾರ್ಚ್‌ನಲ್ಲಿ 12 ಅಂಗುಲದ ಮುದ್ರಿಕೆಯಾಗಿ ಹೊರಬಂದಿತು. ಏಳೂವರೆ ನಿಮಿಷದ ಈ ಹಾಡು ಆ ಅಳತೆಯ ಮುದ್ರಿಕೆಗಳಲ್ಲಿ ಅತ್ಯಧಿಕವಾಗಿ ಮಾರಾಟವಾದದ್ದೆಂಬ ಖ್ಯಾತಿಯನ್ನು ಪಡೆದಿದೆ. ಅದರ ಆರಂಭವನ್ನು ಕೇಳದ ರಾಕ್ ರಸಿಕ ಇರಲಾರನು: ಬಿಡಿಬಿಡಿಯಾಗಿ ಬೀಳುವ ಗುದ್ದುಗಳು, ಒಮ್ಮೆಗೇ ಕೋವಿಯ ಸುರಿಮಳೆಯಂತೆ ಬರುವ ಕ್ಷಿಪ್ರ ಗುದ್ದುಗಳ ಸಾಲು. ನಿಮಿಷಕ್ಕೆ ಸುಮಾರು 130 ಮಾತ್ರೆಗಳ ಈ ಗತಿಯಲ್ಲಿ ಮಾತ್ರೆಗೆ ನಾಲ್ಕರಂತೆ ಹೊಡೆಯುವುದೆಂದರೆ ಸೆಕೆಂಡಿಗೆ ಎಂಟಕ್ಕೂ ಹೆಚ್ಚು ಪೆಟ್ಟು. ಒಂದೇ ಕಾಲಿನಿಂದ, ಒಂದೇ ತೂಕದಲ್ಲಿ, ಏಳು ನಿಮಿಷ ಇದನ್ನು ನಡೆಸುವುದು ಮನುಷ್ಯನಿಗೆ ಆಗದ ಮಾತೆಂದೇ ಹೇಳಬೇಕು. ಆದುದರಿಂದ ಇಲ್ಲಿ ಯಂತ್ರ ಯಾರ ಸ್ಥಾನವನ್ನೂ ಕಸಿದುಕೊಂಡಿಲ್ಲ. ಯಾರೂ ಕುಳಿತಿರದ ಸ್ಥಾನದಲ್ಲಿ ಕುಳಿತಿದೆ. ಇದರ ಮೇಲೆ ಪೀಟರ್ ಹುಕ್ಕನ ಬೇಸ್ ಗಿಟಾರ್ ತಾರದಲ್ಲಿ ಹಾಡುತ್ತ ಬರುವಾಗ ಕೈಗೂ ಯಂತ್ರಕ್ಕೂ ಇರುವ ಅಂತರವೇ ಹಾಡಿನ ಅರ್ಥವಾಗಿ ನಿಲ್ಲುತ್ತದೆ. ಕೆಳಗಿನದು ಕರಗದು, ಮೇಲಿನದು ಅದರ ಮೇಲೆ ಒರಗಲು ಹವಣಿಸಿ ಜಾರುತ್ತದೆ. ಸಮ್ನರನ ಕಂಠವೋ ಎರಡರ ನಡುವೆ ಯಾವ ಭಾವವನ್ನೂ ತೋರಗೊಡದೆ ನಿಂತಿರುತ್ತದೆ. ಇದು ಶೋಕದಿಂದ ಬಿಡುಗಡೆ ಎಂದವರೂ ಶೋಕದ ಮರೆವು ಎಂದವರೂ ಈ ಕಂಠವನ್ನು ಸರಿಯಾಗಿ ಕೇಳಿದಂತಿಲ್ಲ. ಅಳಲು ಬಾರದವನ ದುಃಖ ಹೇಗಿರುತ್ತದೆಂಬುದನ್ನು, ಕದಲದ ತಾಳವೊಂದರ ಎದುರಿಗಿಟ್ಟು ತೋರಿಸಿದ ಹಾಡುಗಳು ವಿರಳ.

ಈ ಹಾಡಿನ ಸ್ವರಸರಣಿಯನ್ನು ಯಂತ್ರಕ್ಕೆ ಉಣಿಸಿದವಳು ಗಿಲ್ಬರ್ಟ್. ಬಿಡಿಭಾಗಗಳನ್ನು ತರಿಸಿ ಸಮ್ನರ್ ತಾನೇ ಜೋಡಿಸಿದ್ದ ಸರಣಿಯಂತ್ರಕ್ಕೆ ಒಂದೊಂದು ಸ್ವರವನ್ನೂ ಕೈಯಿಂದಲೇ ಕೊಡಬೇಕಾಗಿತ್ತು. ಆಕೆ ಅಷ್ಟನ್ನೂ ಕಾಗದಗಳ ಮೇಲೆ ಬರೆದು, ಕಾಗದಗಳನ್ನು ಒಂದಕ್ಕೊಂದು ಅಂಟಿಸಿ, ಧ್ವನಿಮುದ್ರಣಾಲಯದ ಉದ್ದಕ್ಕೂ ಹಾಸಿದ್ದಳಂತೆ. ಉಲ್ಲನ್ ಹೆಣೆಯುವವರ ನಕ್ಷೆಯಂತಿತ್ತು ಅದು ಎಂದು ಆಕೆಯೇ ಮುಂದೆ ನೆನೆದಿದ್ದಾಳೆ. ಹಾಗೆ ಉಣಿಸುವಾಗ ಒಂದು ಸ್ವರ ಬಿಟ್ಟುಹೋಯಿತು. ಆ ಒಂದರಿಂದಾಗಿ ಸ್ವರಸರಣಿ ತಾಳದಿಂದ ಕೊಂಚ ಸರಿದು ಕುಳಿತಿತು. ಸರಿದದ್ದೇ ಚೆನ್ನಾಗಿ ಕೇಳಿಸಿತೆಂದು ಹಾಗೆಯೇ ಉಳಿಯಿತು. ಯಂತ್ರ ತಪ್ಪುವುದಿಲ್ಲವೆಂದು ಒಂದು ಪಕ್ಷ ಹಳಿಯುತ್ತದೆ, ಅದೇ ಗುಣವೆಂದು ಇನ್ನೊಂದು ಪಕ್ಷ ಹೊಗಳುತ್ತದೆ. ಇತ್ತ ಅವರಿಬ್ಬರೂ ಬಾಯಿಪಾಠ ಮಾಡಿದ ಹಾಡೇ ಒಬ್ಬ ಹೆಣ್ಣುಮಗಳ ಎಣಿಕೆಯ ತಪ್ಪಿನ ಮೇಲೆ ನಿಂತಿದೆ.

ಕರ್ನಾಟಕ ಸಂಗೀತದ ಅಭ್ಯಾಸವುಳ್ಳವರಿಗೆ ಈ ವಿವಾದದ ಗಂಟನ್ನು ಬಿಡಿಸುವ ಒಂದು ಮಾತು ಕೈಗೆ ಸಿದ್ಧವಾಗಿದೆ. ತಾಳ ಬೇರೆ, ಲಯ ಬೇರೆ, ಕಾಲಪ್ರಮಾಣ ಬೇರೆ. ಕಾಲಪ್ರಮಾಣವನ್ನು ಕೆಡದಂತೆ ಕಾಯುವುದು ಗುಣವೇ ಹೊರತು ಜಡತನವಲ್ಲವೆಂದು ನಮ್ಮ ವಿದ್ವಾಂಸರು ಯಾವ ಯಂತ್ರದ ನೆರವೂ ಇಲ್ಲದೆ ಹೇಳಿಕೊಂಡು ಬಂದಿದ್ದಾರೆ. ಬೆಂಗಳೂರಿನ ರಾಡೆಲ್ ಸಂಸ್ಥೆ ತಯಾರಿಸಿದ ವಿದ್ಯುನ್ಮಾನ ತಂಬೂರಿಯೂ ತಾಳವಾದ್ಯದ ಪೆಟ್ಟಿಗೆಯೂ ದೇಶದ ಅನೇಕ ಮನೆಗಳಲ್ಲಿ ಸಾಧನೆಗೆ ಜೊತೆಯಾದಾಗ ಯಾರೂ ಪಕ್ಷ ಕಟ್ಟಿ ಹೊಡೆದಾಡಲಿಲ್ಲ. ಪೆಟ್ಟಿಗೆ ಕಾಲವನ್ನು ಕಾಯುತ್ತದೆ, ಕಚೇರಿಯಲ್ಲಿ ಮೃದಂಗದವರು ಹಾಡನ್ನು ಕಾಯುತ್ತಾರೆ ಎಂಬ ವಿವೇಕ ಅಲ್ಲಿ ಸಹಜವಾಗಿತ್ತು. ಮ್ಯಾಂಚೆಸ್ಟರಿನ ವಾದಕ್ಕೆ ಈ ವಿಭಾಗವನ್ನು ಹಾಗೆಯೇ ಒಯ್ದು ಹೊಂದಿಸುವುದು ಸರಿಯಲ್ಲ. ಅಲ್ಲಿ ಪೆಟ್ಟಿಗೆಯೂ ವೇದಿಕೆಯೇರಿದೆ. ಆದರೂ ಕೇಳಬೇಕಾದ ಪ್ರಶ್ನೆ ಯಾವುದೆಂಬುದನ್ನು ಅದು ಸೂಚಿಸುತ್ತದೆ. ಪೆಟ್ಟು ಚರ್ಮದ್ದೋ ವಿದ್ಯುತ್ತಿನದೋ ಎಂಬುದಲ್ಲ. ಹಾಡಿನೊಳಗೆ ಕೇಳಿಸಿಕೊಳ್ಳುವವನು ಒಬ್ಬನಾದರೂ ಇದ್ದಾನೆಯೇ ಎಂಬುದು.

ಈ ಪ್ರಶ್ನೆಯನ್ನು ಹಿಡಿದು ನೋಡಿದರೆ ವೃಂದದ ಕೃತಿಗಳಲ್ಲಿ ಏಳುಬೀಳುಗಳು ಬೇರೆ ಬಗೆಯಲ್ಲಿ ಕಾಣುತ್ತವೆ. ‘ಬ್ಲೂ ಮಂಡೇ’ ಬಂದ ವರ್ಷವೇ, ಎರಡು ತಿಂಗಳ ಬಳಿಕ, ‘ಪವರ್, ಕರಪ್ಷನ್ ಅಂಡ್ ಲೈಸ್’ ಬಂದಿತು. ಯಂತ್ರಕ್ಕೆ ಶರಣಾದರೆಂದು ಲೋಕ ತಿಳಿದ ಆ ಗಳಿಗೆಯಲ್ಲಿ ಆ ಮುದ್ರಿಕೆಯ ಬಾಗಿಲು ತೆರೆಯುವುದು ‘ಏಜ್ ಆಫ್ ಕನ್ಸೆಂಟ್’ ಹಾಡಿನಿಂದ. ಅಲ್ಲಿ ಮಾರಿಸನ ಕೈಯೇ ಮುಂದಾಳು. ಆ ನಡೆಗೂ 1980ರ ‘ಲವ್ ವಿಲ್ ಟೇರ್ ಅಸ್ ಅಪಾರ್ಟ್’ ಹಾಡಿನ ನಡೆಗೂ ಇರುವ ಬಂಧುತ್ವ ಕಿವಿಗೆ ತಪ್ಪುವುದಿಲ್ಲ. ಕರ್ಟಿಸನ ಹಾಡಿಗೆ ನುಡಿದ ಕೈಗಳು ಯಂತ್ರವನ್ನು ಕಲಿತುಬಂದ ಮೇಲೆ ಅದೇ ನಡೆಯನ್ನು ಮತ್ತೆ ನುಡಿಸಿವೆ; ಭಾರ ಮಾತ್ರ ಇಳಿದಿದೆ. ಬಿಡುಗಡೆ ಎಂಬ ಮಾತನ್ನು ಬಳಸುವುದಿದ್ದರೆ ‘ಬ್ಲೂ ಮಂಡೇ’ಗಿಂತ ಇಲ್ಲಿ ಬಳಸುವುದು ಉಚಿತ.

1986ರ ‘ಬ್ರದರ್‌ಹುಡ್’ ಈ ವಾದಕ್ಕೆ ವೃಂದವೇ ಒದಗಿಸಿದ ಸಾಕ್ಷ್ಯದಂತಿದೆ. ಅದರ ಒಂದು ಮಗ್ಗುಲಿಗೆ ಗಿಟಾರು ಡ್ರಮ್ಮುಗಳ ಹಾಡುಗಳನ್ನೂ ಇನ್ನೊಂದು ಮಗ್ಗುಲಿಗೆ ಯಂತ್ರದ ಹಾಡುಗಳನ್ನೂ ಬೇರೆ ಮಾಡಿ ಇಟ್ಟರು. ಅಭಿಮಾನಿಗಳು ತಮಗೆ ಬೇಕಾದ ಮಗ್ಗುಲನ್ನು ಆರಿಸಿಕೊಂಡು ವಾದವನ್ನು ಮುಂದುವರಿಸಿದರು. ಈ ಆಸ್ತಿ ವಿಭಾಗ ಎರಡು ಕಡೆಗೂ ನಷ್ಟವನ್ನೇ ತಂದಿತೆನ್ನಬೇಕು. ಮೊದಲ ಮಗ್ಗುಲಿನಲ್ಲಿ ‘ಆಸ್ ಇಟ್ ಈಸ್ ವೆನ್ ಇಟ್ ವಾಸ್’ನಂಥ ಒಳ್ಳೆಯ ಹಾಡುಂಟು, ಆದರೆ ಒಟ್ಟಿನಲ್ಲಿ ಎದುರಾಳಿಯಿಲ್ಲದ ಕುಸ್ತಿಪಟುವಿನ ಹಾಗೆ ಅಲ್ಲಿಯ ಡ್ರಮ್‌ಗಳು ಸುಮ್ಮನೆ ಬೆವರುತ್ತವೆ. ಎರಡನೆಯ ಮಗ್ಗುಲಿನ ‘ಬಿಜಾರ್ ಲವ್ ಟ್ರಯಾಂಗಲ್’ ಅಪೂರ್ವವಾದ ಲಾಲಿತ್ಯವುಳ್ಳದ್ದು. ಅದರ ನೆರೆಹೊರೆಯವಕ್ಕೆ ಆ ಮಾತು ಸಲ್ಲದು. ಎರಡೂ ಶಕ್ತಿಗಳು ಒಂದೇ ಹಾಡಿನೊಳಗೆ ಸೆಣಸಿದಾಗ ಹುಟ್ಟಿದ 1982ರ ‘ಟೆಂಪ್ಟೇಷನ್’, 1985ರ ‘ದಿ ಪರ್ಫೆಕ್ಟ್ ಕಿಸ್’ ಇವುಗಳ ಎತ್ತರ ಇಲ್ಲಿಲ್ಲ. 1993ರ ‘ರಿಪಬ್ಲಿಕ್’ ಬರುವಷ್ಟರಲ್ಲಿ ಸೆಣಸಾಟವೇ ನಿಂತುಹೋಗಿತ್ತು. ಅದರ ತಾಳ ನಯವಾಗಿದೆ, ದುಬಾರಿಯಾಗಿದೆ, ಯಾರನ್ನೂ ಕೇಳಿಸಿಕೊಳ್ಳುತ್ತಿಲ್ಲ. ಯಂತ್ರವಿರೋಧಿಗಳು ತಮ್ಮ ವಾದಕ್ಕೆ ಆಧಾರವಾಗಿ ‘ಬ್ಲೂ ಮಂಡೇ’ಯನ್ನು ಬಿಟ್ಟು ಇದನ್ನು ಹಿಡಿದಿದ್ದರೆ ಅವರನ್ನು ಖಂಡಿಸುವುದು ಕಷ್ಟವಾಗುತ್ತಿತ್ತು.

ವಾದ್ಯವೃಂದವೊಂದು ಯಂತ್ರದಿಂದ ಆರಂಭವಾಗಿ ಮನುಷ್ಯನ ಕಡೆಗೆ ನಡೆದ ನಿದರ್ಶನವೂ ಹತ್ತಿರದಲ್ಲಿಯೇ ಇದೆ. ಲಿವರ್‌ಪೂಲಿನ ‘ಎಕೋ ಅಂಡ್ ದಿ ಬನ್ನಿಮೆನ್’ 1978ರಲ್ಲಿ ತಾಳಯಂತ್ರವನ್ನೇ ನೆಚ್ಚಿ ಹೊರಟಿತು. ಮರುವರ್ಷ ಪೀಟ್ ಡಿ ಫ್ರೀಟಸ್ ಬಂದು ಡ್ರಮ್‌ಗಳ ಮುಂದೆ ಕುಳಿತ ಮೇಲೆ ಆ ವೃಂದಕ್ಕೆ ನಿಜವಾದ ಮೈ ಬಂದಿತು. ಅಮೆರಿಕದ ‘ಬಿಗ್ ಬ್ಲ್ಯಾಕ್’ ತಂಡದವರು ತಮ್ಮ ಯಂತ್ರವನ್ನೇ ಒಬ್ಬ ಸದಸ್ಯನಂತೆ ‘ರೋಲಂಡ್’ ಎಂದು ಹೆಸರಿಸಿ ಮುದ್ರಿಕೆಯ ಮೇಲೆ ಅಚ್ಚು ಹಾಕಿಸಿದರು. 2000ದಲ್ಲಿ ‘ರೇಡಿಯೊಹೆಡ್’ ತಂಡ ‘ಕಿಡ್ ಎ’ ಮುದ್ರಿಕೆಯನ್ನು ತಂದಾಗ ಅಭಿಮಾನಿಗಳಲ್ಲಿ ಇದೇ ವಾದ ಮತ್ತೆ ಎದ್ದಿತು. ಒಂದೂರಿನ ಜಗಳ ಹೆಸರು ಬದಲಿಸಿಕೊಂಡು ಇನ್ನೊಂದೂರಿಗೆ ಹೋದಂತೆ ಅದು.

ವೇದಿಕೆಯ ಪ್ರಶ್ನೆ ಇನ್ನೂ ಉಳಿಯುತ್ತದೆ, ಯಂತ್ರವಿರೋಧಿಗಳ ಮಾತು ಹೆಚ್ಚು ಚುಚ್ಚುವುದೂ ಅಲ್ಲಿಯೇ. ಕಚೇರಿಯ ಕಡೆಯಲ್ಲಿ ‘ಮತ್ತೊಂದು, ಮತ್ತೊಂದು’ ಎಂದು ಕೂಗುವ ಸಭೆಗೆ ಗುಂಡಿಯೊತ್ತಿ, ಯಂತ್ರವನ್ನು ನುಡಿಯಲು ಬಿಟ್ಟು, ತಾವು ಹೊರಟುಹೋಗಬಹುದೆಂಬ ತುಂಟ ಯೋಚನೆಯಿಂದಲೇ ‘ಬ್ಲೂ ಮಂಡೇ’ ಹುಟ್ಟಿತೆಂದು ವೃಂದದವರೇ ಹೇಳಿದ್ದುಂಟು. ಇಷ್ಟು ಹೇಳಿದವರು ನಡೆದುಕೊಂಡದ್ದು ಮಾತ್ರ ತದ್ವಿರುದ್ಧವಾಗಿ. 1983ರಲ್ಲಿ ಬಿ.ಬಿ.ಸಿ.ಯ ‘ಟಾಪ್ ಆಫ್ ದಿ ಪಾಪ್ಸ್’ ದೂರದರ್ಶನ ಕಾರ್ಯಕ್ರಮಕ್ಕೆ ಅವರನ್ನು ಕರೆದಾಗ, ಮುದ್ರಿಕೆಯನ್ನು ಹಾಕಿ ಬಾಯಾಡಿಸುವ ಅಲ್ಲಿಯ ರೂಢಿಯನ್ನು ಒಲ್ಲದೆ, ಆ ಯಂತ್ರದ ಹಾಡನ್ನೇ ನೇರವಾಗಿ ನುಡಿಸುವೆವೆಂದು ಹಟ ಹಿಡಿದರು. ಯಂತ್ರಗಳು ತಂಟೆ ಮಾಡಿದವು; ಪ್ರದರ್ಶನ ಸೊರಗಿತು. ಗುಂಡಿಯೊತ್ತಿ ಹೋಗಬಹುದಾದ ಕಡೆ ನಿಂತು ಎಡವಲು ಸಿದ್ಧರಾದವರನ್ನು ಮೋಸಗಾರರೆನ್ನುವುದು ಹೇಗೆ?

‘ದಿ ಪರ್ಫೆಕ್ಟ್ ಕಿಸ್’ ಹಾಡಿಗೆ 1985ರಲ್ಲಿ ಜೊನಾಥನ್ ಡೆಮಿ ನಿರ್ದೇಶಿಸಿದ ಕಿರುಚಿತ್ರವನ್ನು ಈ ವಾದದಲ್ಲಿ ತೊಡಗಿರುವವರೆಲ್ಲರೂ ಒಮ್ಮೆ ನೋಡಬೇಕು. ವೃಂದ ತನ್ನ ಅಭ್ಯಾಸದ ಕೋಣೆಯಲ್ಲಿ ನಿಂತು ಹಾಡನ್ನು ಮೊದಲಿಂದ ಕಡೆಯವರೆಗೆ ನೇರವಾಗಿ ನುಡಿಸುತ್ತದೆ. ಕ್ಯಾಮೆರಾ ಮುಖಗಳನ್ನೂ ಬೆರಳುಗಳನ್ನೂ ಬಿಟ್ಟು ಹೆಚ್ಚೇನನ್ನೂ ನೋಡುವುದಿಲ್ಲ. ಗಿಟಾರಿನ ತಂತಿಯ ಮೇಲಿನ ಬೆರಳಿಗೂ ಯಂತ್ರದ ಗುಂಡಿಯ ಮೇಲಿನ ಬೆರಳಿಗೂ ಅದು ಒಂದೇ ಗೌರವ ಕೊಡುತ್ತದೆ. ಯಾರೂ ನಗುವುದಿಲ್ಲ, ಯಾರೂ ಸಭೆಯ ಕಡೆ ತಿರುಗುವುದಿಲ್ಲ, ಸಭೆಯೇ ಅಲ್ಲಿಲ್ಲ. ಪ್ರತಿಯೊಬ್ಬರೂ ತಮ್ಮ ಸರದಿ ಎಲ್ಲಿ ಬರುವುದೋ ಎಂದು ಕಿವಿಗೊಟ್ಟು ನಿಂತಿದ್ದಾರೆ. ಮುಂದೆ 2007ರಲ್ಲಿ ಹುಕ್ ವೃಂದವನ್ನು ತೊರೆದನು, ಹಳೆಯ ಹಾಡುಗಳನ್ನು ಬೇರೊಂದು ತಂಡದೊಡನೆ ನುಡಿಸತೊಡಗಿದನು. ಅಭಿಮಾನಿಗಳಿಗೆ ವಾದಿಸಲು ಹೊಸ ವಿಷಯವೂ ದೊರೆಯಿತು. ಆ ಕೋಣೆಯ ಹತ್ತು ನಿಮಿಷಗಳಲ್ಲಿ ಮಾತ್ರ ನಾಲ್ವರೂ ಇದ್ದಾರೆ, ಯಂತ್ರಗಳೂ ಇವೆ. ಯಂತ್ರ ಕಾಯುವುದಿಲ್ಲವಾದ್ದರಿಂದ ಮನುಷ್ಯರು ಕಾಯುತ್ತಿದ್ದಾರೆ.